ಉಳಿದರ್ಧ

ಸೀತಾಂಗೋಳಿಯಾಚೆ ಕಲ್ಲುಕೋರೆಯ ದರೆ
ಜಾರಿದ್ದು ಶನಿವಾರ, ಬಟವಾಡೆಯ ದಿನ.
ಅಪ್ಪನ ಸೊಂಟದ ಕೆಳಗೆ ಅಂದಿನಿಂದ
ಯಾರದೋ ಕಾಲುಗಳು.
ತಲಪಾಡಿ ದಾಟಿಸಿ ಮಂಗಳೂರಿಗೆ ಒಯ್ದರು,
ಐವತ್ತೆರಡು ದಿನ ಇಟ್ಟುಕೊಂಡು
ಮಂಚದ ಅಳತೆಯ ಮನುಷ್ಯನನ್ನು ಹಿಂದೆ ಕೊಟ್ಟರು.

ನಮ್ಮಲ್ಲಿ ತೇರ್ಸು ಏಳೂವರೆಗೆ.
ಅಮ್ಮನದು ಅರ್ಧ, ಅಪ್ಪನದು ಉಳಿದರ್ಧ,
ಮದುವೆಯಾದ ಲಾಗಾಯ್ತು.
ಅವಳ ‘ನಮಾನ್ ಮರಿಯೆ’ ಹರಿದು ಬಂದು ನಿಲ್ಲುವಲ್ಲಿ
ಅವನ ಗೊಗ್ಗರು ದನಿ, ಕಲ್ಲಿನ ಧೂಳು ಕೂತದ್ದು,
ಎತ್ತಿಕೊಳ್ಳುತ್ತಿತ್ತು,
ಕೋರೆಯ ತಳದಿಂದ ಒಬ್ಬ ಕೊಟ್ಟ ಕಲ್ಲನ್ನು
ಮೇಲಿನವನು ನೋಡದೆಯೇ ಹಿಡಿಯುವ ಹಾಗೆ.

ಮನೆಗೆ ಬಂದ ಮೊದಲ ಸಂಜೆ
ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿದ.
“ದರೆ ಬೀಳುವಾಗ ಎಲ್ಲಿದ್ದನಂತೆ? ಕೇಳಿ ಹೇಳು.”
ಅಮ್ಮ ತನ್ನ ಅರ್ಧ ಹೇಳಿದಳು.
ಆಮೇಲೆ, ಅವನ ಅರ್ಧಕ್ಕೆ ಎಷ್ಟು ಹೊತ್ತು ಬೇಕೋ
ಅಷ್ಟು ಹೊತ್ತು ಸುಮ್ಮನೆ ಕೂತಳು.
ತುಂಬಿಸಲೆಂದು ನಾನು ಬಾಯಿ ತೆರೆದೆ.
ತೊಡೆಗೆ ಚಿವುಟಿದಳು.
“ಅದು ಅವರದ್ದು. ಅಲ್ಲೇ ಇರಲಿ.”

ಐವತ್ತಮೂರು ಸಲ ಹೇಳುವುದು, ಐವತ್ತಮೂರು ಸಲ ಸುಮ್ಮನಿರುವುದು.
ಆ ಸುಮ್ಮನೆಯೊಳಗೆ
ಆಸ್ಯಮ್ಮನ ಮನೆಯ ಕುಕ್ಕರು ಕೂಗುವುದು,
ಬೇಳದ ತಿರುವಿನಲ್ಲಿ ಕೊನೆಯ ಬಸ್ಸು ಗೇರು ಬದಲಿಸುವುದು,
ಅಪ್ಪ ಉಸಿರಾಡುವುದು.

ಫಾದರ್ ಬಂದರು, ಪರಮಪ್ರಸಾದ ತಂದರು.
“ಮುರಕಲ್ಲು ನೋಡಿ ಕಾಯ್ತಾನರೇ, ನೆಲದೊಳಗೆ ಮೆತ್ತಗೆ,
ಬಿಸಿಲು ಗಾಳಿ ತಿಂದಷ್ಟೂ ಗಟ್ಟಿ. ವಿಶ್ವಾಸವೂ ಹಾಗೇ.”
“ಎಲ್ಲ ಕಲ್ಲೂ ಅಲ್ಲ ಫಾದರ್.
ಬಿಳಿ ಜೇಡಿ ಕೂತದ್ದು ಮೊದಲ ಮಳೆಗೇ ಪುಡಿ.
ಕಡಿಯುವಾಗ ಗೊತ್ತಾಗುವುದಿಲ್ಲ.”
ಫಾದರ್ ಚಾ ಕುಡಿದರು. ಮಾತಾಡಲಿಲ್ಲ.
ಮರುದಿನ ಹತ್ತು ಕಿಲೋ ಕುಚ್ಚಲಕ್ಕಿ ಕಳಿಸಿದರು.

ಅಮ್ಮ ಬೀಡಿ ಕಟ್ಟಿದಳು.
ಕರಿಮಣಿಯ ಚಿನ್ನ ಸೊಸೈಟಿಗೆ ಹೋಯಿತು,
ತಮ್ಮ ಶಾಲೆ ಬಿಟ್ಟು ಉಪ್ಪಳದ ಗ್ಯಾರೇಜಿಗೆ.
ಸಾಲದ ನೋಟೀಸು ಬಂದ ರಾತ್ರಿ
ಅವಳು ಜಪಮಾಲೆಯನ್ನು ಅಕ್ಕಿ ಡಬ್ಬಿಯೊಳಗೆ ಹೂತಿಟ್ಟದ್ದನ್ನು
ನಾನು ಕಂಡಿದ್ದೇನೆ.
ಹೂಳುವಷ್ಟು ಅಕ್ಕಿ ಇರಲಿಲ್ಲ.
ಶಿಲುಬೆ ಮೇಲೆಯೇ ಉಳಿಯಿತು.
ಮರುದಿನ ಒರಸಿ ಹೊರತೆಗೆದಳು, ಅಕ್ಕಿಯನ್ನೂ ಅಳೆದಳು.

ಎರಡನೆಯ ವರ್ಷ, ತಪಸ್ಸು ಕಾಲ.
ನಾಲ್ಕನೆಯ ಹತ್ತರಲ್ಲಿ ಅಮ್ಮನಿಗೆ ತೂಕಡಿಕೆ,
ಮಣಿ ಬೆರಳಿನಿಂದ ಜಾರಿ ಮಡಿಲಲ್ಲಿ.
ಇಪ್ಪತ್ತೈದರ ಬೀಡಿಕಟ್ಟಿನಲ್ಲಿ ಒಂದು ದಿನವೂ ತಪ್ಪದವಳು
ಹನ್ನೊಂದನೆಯದಕ್ಕೆ ಹೊರಟಳು.

“ಹತ್ತಾಯ್ತು.”

ಗೋಡೆಯ ಕಡೆಯಿಂದ.
“ಹತ್ತಾಯ್ತಲ್ಲ ಆಗಲೇ. ನಿದ್ದೆ ಬಂದರೆ ಮಲಗು.”

ಅಂದರೆ ಎಣಿಸುತ್ತಿದ್ದ.
ಇಷ್ಟು ತಿಂಗಳೂ, ಗೋಡೆಗೆ ಮುಖ ಮಾಡಿ,
ಸಿಟ್ಟಿನಿಂದಲೇ ಇರಬಹುದು, ಎಣಿಸುತ್ತಿದ್ದ.
ಅಮ್ಮ ಅಳಲಿಲ್ಲ. “ಹೌದಾ” ಎಂದಳು,
ಮುಂದಿನ ಮಣಿಗೆ ದಾಟಿದಳು,
ಅಂದೂ ಅವನ ಅರ್ಧಕ್ಕೆ ಜಾಗ ಬಿಟ್ಟಳು.
ಅವನು ಅಂದೂ ತುಂಬಲಿಲ್ಲ.

ಯಾವಾಗ ತುಂಬಿದ ಎಂದು ನೀವು ಕೇಳಿದರೆ
ನನಗೆ ನೆನಪಿಲ್ಲ.
ಒಂದು ದಿನ ದನಿ ಅಲ್ಲಿತ್ತು, ಅಷ್ಟೆ,
ಮೊದಲಿಗಿಂತ ಸಣ್ಣದು, ನಡುವೆ ಕೆಮ್ಮು.
ಕಾಲುಗಳು ಬರಲೇ ಇಲ್ಲ.

ಈಗ ಇಬ್ಬರೂ ಬೇಳದ ಇಗರ್ಜಿಯ ಹಿಂದೆ, ಒಂದೇ ಸಾಲಿನಲ್ಲಿ.
ಮಗುವಿನ ರಕ್ತದ ವರದಿ ಕಪಾಟಿನ ಮೇಲಿದೆ,
ಮಡಚಿದ್ದು, ಮತ್ತೆ ಬಿಚ್ಚಿದ್ದು.
ಏಳೂವರೆಗೆ ನನ್ನ ಅರ್ಧ ಹೇಳಿದೆ.
ಉಳಿದದ್ದು ಯಾರದ್ದೆಂದು ಈ ಸಲ ಗೊತ್ತಿಲ್ಲ.
ಜಾಗ ಬಿಟ್ಟು ಕೂತಿದ್ದೇನೆ.
ಗೋಡೆ ಗೋಡೆಯ ಹಾಗೆಯೇ ಇದೆ.
ಎಣಿಸುತ್ತಿರಬಹುದು.